ಚಳಿಗಾಲಕ್ಕೆ ಫ್ಲಾರಿಡಾಕ್ಕೆ ಹೊರಟಿರಾ? ಕಾರಿನ ವಿಮೆ ಮೊದಲು ನೋಡಿ

ದೀಪಾವಳಿ ಮುಗಿಯುತ್ತಿದ್ದ ಹಾಗೆ ನ್ಯೂಯಾರ್ಕ್ ಕಡೆಯ ನಮ್ಮ ನಿವೃತ್ತ ಕನ್ನಡಿಗರು ಗಂಟುಮೂಟೆ ಕಟ್ಟುತ್ತಾರೆ. ಹಿಮ ಎತ್ತುವ ಸಲಿಕೆ ಗ್ಯಾರೇಜಿಗೆ, ಕುಕ್ಕರ್ ಮತ್ತು ಸಾರಿನ ಪುಡಿ ಡಿಕ್ಕಿಗೆ. ಐ-95 ಹೆದ್ದಾರಿ ಹಿಡಿದರೆ ಮುಂದಿನ ಊರು ಫ್ಲಾರಿಡಾ. ಅಮೆರಿಕದಲ್ಲಿ ಇಂಥವರನ್ನು ಸ್ನೋಬರ್ಡ್ ಅನ್ನುತ್ತಾರೆ. ಮಾತ್ರೆ ಡಬ್ಬಿಯನ್ನು ಮೂರು ಸಲ ನೋಡಿಕೊಳ್ಳುವ ಇವರು ಇನ್ಶೂರೆನ್ಸ್ ಏಜೆಂಟ್‌ಗೆ ಮಾತ್ರ ಒಂದು ಫೋನ್ ಮಾಡುವುದಿಲ್ಲ.

ನಮ್ಮ ಬಳಗದ ಹಿರಿಯರೊಬ್ಬರ ಕಾರಿಗೆ ಫ್ಲಾರಿಡಾದ ಟ್ಯಾಂಪಾ ಊರಿನ ಅಂಗಡಿ ಪಾರ್ಕಿಂಗ್‌ನಲ್ಲಿ ಯಾರೋ ಗುದ್ದಿದರು. ಕಾರು ಇಲ್ಲಿಗೆ ಬಂದು ಎಷ್ಟು ದಿನವಾಯಿತು ಅಂತ ವಿಮೆಯವರು ಕೇಳಿದರು. "ನಾಲ್ಕು ವರ್ಷದಿಂದ ಪ್ರತಿ ಚಳಿಗಾಲವೂ ಇಲ್ಲೇ" ಅಂತ ಇವರು ಖುಷಿಯಿಂದ ಹೇಳಿಬಿಟ್ಟರು. ಪಾಲಿಸಿಯಲ್ಲಿ ಇದ್ದದ್ದು ನ್ಯೂಯಾರ್ಕ್ ವಿಳಾಸ ಮಾತ್ರ. ಆಮೇಲೆ ತಿಂಗಳುಗಟ್ಟಲೆ ಕಾಗದ ಹಿಡಿದು ಅಲೆದರು.

ಮೊದಲು ದಿನ ಎಣಿಸಿ. ಎಲ್ಲರೂ ಎಡವುವುದು ಇಲ್ಲೇ. ಹೊರ ರಾಜ್ಯದ ಕಾರು ಹಿಂದಿನ 365 ದಿನಗಳಲ್ಲಿ 90 ದಿನಕ್ಕಿಂತ ಜಾಸ್ತಿ ಫ್ಲಾರಿಡಾದಲ್ಲಿ ಇದ್ದರೆ, ಅಲ್ಲಿನ ಕಾನೂನು ಕೇಳುವ ವಿಮೆ ಅದಕ್ಕೆ ಇರಲೇಬೇಕು. 90 ದಿನ ಒಂದೇ ಸಮನೆ ಇರಬೇಕಾಗಿಲ್ಲ. ಕ್ರಿಸ್‌ಮಸ್‌ಗೆ ಮೊಮ್ಮಕ್ಕಳನ್ನು ನೋಡಿಬಂದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ ಅಂದುಕೊಂಡವರು ಬಹಳ ಮಂದಿ. ಹಾಗೇನಿಲ್ಲ. ಇನ್ನೊಂದು ವಿಷಯ, ಎಣಿಸಬೇಕಾದದ್ದು ನಿಮ್ಮ ದಿನಗಳನ್ನಲ್ಲ, ಕಾರಿನ ದಿನಗಳನ್ನು. ಕಾರನ್ನು ಒರ್ಲ್ಯಾಂಡೊ ವಿಮಾನ ನಿಲ್ದಾಣದಲ್ಲಿ ಬಿಟ್ಟು ನೀವು ಒಂದು ತಿಂಗಳು ಮೈಸೂರಿಗೆ ಹೋಗಿಬಂದರೂ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ.

ಎಣಿಸಿದ ಮೇಲೆ ಏಜೆಂಟ್‌ಗೆ ಫೋನ್ ಮಾಡಿ. ಗ್ಯಾರೇಜಿಂಗ್ ಅಡ್ರೆಸ್ ಅನ್ನುವ ಪದ ಬಾಯಿಪಾಠ ಮಾಡಿಕೊಳ್ಳಿ. ಕಾರು ರಾತ್ರಿ ಎಲ್ಲಿ ಮಲಗುತ್ತದೋ ಅದು ಆ ವಿಳಾಸ. ಕಾಗದ ಬರುವ ವಿಳಾಸ ಬೇರೆ. "ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಾರು ಟ್ಯಾಂಪಾದಲ್ಲಿರುತ್ತದೆ, ಪಾಲಿಸಿಯಲ್ಲಿ ಏನು ಬದಲಾಯಿಸಬೇಕು?" ಅಂತ ನೇರವಾಗಿ ಕೇಳಿ. ಉತ್ತರ ಇಮೇಲ್‌ನಲ್ಲೇ ಬೇಕು ಅನ್ನಿ. ಫೋನಿನಲ್ಲಿ "ನೋ ಪ್ರಾಬ್ಲಮ್" ಅಂದದ್ದು ಕ್ಲೇಮ್ ದಿನ ಯಾರಿಗೂ ನೆನಪಿರುವುದಿಲ್ಲ. ಪ್ರೀಮಿಯಂ ಏರೀತು ಅಂತ ಸುಮ್ನೆ ಇದ್ದುಬಿಡಬೇಡಿ. ವಿಷಯ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಳ್ಳಿಹಾಕಲು ಅವರಿಗೆ ಅದೇ ಸಾಕು.

ಇನ್ನು ಕೆಲವರು ಅತಿ ಜಾಣತನ ಮಾಡುತ್ತಾರೆ. ಆನ್‌ಲೈನಲ್ಲಿ ಫ್ಲಾರಿಡಾ ಪಾಲಿಸಿ ಕೊಂಡು ನ್ಯೂಯಾರ್ಕ್‌ನದ್ದನ್ನು ರದ್ದು ಮಾಡುತ್ತಾರೆ, ನಂಬರ್ ಪ್ಲೇಟ್ ಮಾತ್ರ ನ್ಯೂಯಾರ್ಕ್‌ನದ್ದೇ ಉಳಿದಿರುತ್ತದೆ. ನ್ಯೂಯಾರ್ಕ್ ಪ್ಲೇಟಿಗೆ ನ್ಯೂಯಾರ್ಕ್ ವಿಮೆಯೇ ಬೇಕು, ಹೊರಗಿನದು ನಡೆಯುವುದಿಲ್ಲ. ತಪ್ಪಿದರೆ ದಿನಕ್ಕೆ 8 ಡಾಲರ್‌ನಿಂದ ದಂಡ ಶುರು. ಪ್ಲೇಟ್ ಯಾವ ರಾಜ್ಯದ್ದೋ ಪಾಲಿಸಿಯೂ ಅಲ್ಲಿನದೇ ಇರಲಿ. ನನ್ನ ಮಾತು ಕೇಳುವುದಾದರೆ, ಪ್ರತಿ ವರ್ಷ ನಾಲ್ಕು ತಿಂಗಳಿಗಿಂತ ಜಾಸ್ತಿ ಇರುವವರು ಅಲ್ಲೇ ಒಂದು ಹಳೇ ಕಾರು ಇಟ್ಟು, ಫ್ಲಾರಿಡಾ ಪ್ಲೇಟು, ಫ್ಲಾರಿಡಾ ಪಾಲಿಸಿ ಮಾಡಿಸಿ. ವಿಮಾನದಲ್ಲಿ ಹೋಗಿಬನ್ನಿ. ಎಪ್ಪತ್ತು ದಾಟಿದ ಮೇಲೆ ಎರಡು ದಿನದ ಡ್ರೈವಿಂಗ್ ಯಾಕೆ ಬೇಕು?

ಆದರೆ "ಸ್ಟೇಟ್ ಮಿನಿಮಮ್" ಅನ್ನುವ ಅಗ್ಗದ ಪಾಲಿಸಿಗೆ ಬೀಳಬೇಡಿ. ಫ್ಲಾರಿಡಾ ಕಡ್ಡಾಯ ಮಾಡಿರುವುದು ನಿಮ್ಮ ಗಾಯಕ್ಕೆ 10,000 ಡಾಲರ್‌ನ ಪಿಐಪಿ (ತಪ್ಪು ಯಾರದ್ದೇ ಇರಲಿ, ನಿಮ್ಮ ಚಿಕಿತ್ಸೆಗೆ ನಿಮ್ಮ ಪಾಲಿಸಿಯೇ ಕೊಡುವ ವಿಮೆ), ಇನ್ನೊಬ್ಬರ ಆಸ್ತಿ ಹಾನಿಗೆ 10,000 ಡಾಲರ್, ಅಷ್ಟೇ. ಈಗಿನ ಕಾರಿನ ಬಂಪರ್ರು, ಲೈಟು, ಸೆನ್ಸರ್‌ಗಳಿಗೇ ಅದು ಮುಗಿದುಹೋದೀತು. ಅಪಘಾತವಾದರೆ 14 ದಿನದೊಳಗೆ ಡಾಕ್ಟರನ್ನು ನೋಡದಿದ್ದರೆ ಪಿಐಪಿ ದುಡ್ಡೂ ಸಿಗುವುದಿಲ್ಲ. ಬೇರೆಯವರ ಗಾಯಕ್ಕೆ ಕೊಡುವ ವಿಮೆ ಅಲ್ಲಿ ಎಲ್ಲರಿಗೂ ಕಡ್ಡಾಯವಲ್ಲ. ಹಾಗಾಗಿ ಗುದ್ದಿದವರ ಹತ್ತಿರ ಆ ವಿಮೆ ಇಲ್ಲದಿದ್ದರೂ ನಿಮ್ಮ ಗಾಯಕ್ಕೆ ಕೊಡುವ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರ್ ತಗೊಳ್ಳಿ. ಇದರಲ್ಲಿ ಜಿಪುಣತನ ಬೇಡ.

ಹಿಂದೆ ಬಿಟ್ಟುಹೋಗುವ ಕಾರಿನ ವಿಮೆಯನ್ನು ಪೂರ್ತಿ ತೆಗೆಸಬೇಡಿ. ಎರಡೂ ರಾಜ್ಯಗಳಲ್ಲಿ ಪ್ಲೇಟ್ ಒಪ್ಪಿಸಿದ ಮೇಲೇ ಕಡ್ಡಾಯದ ವಿಮೆ ನಿಲ್ಲಿಸಬಹುದು. ಕೊಲಿಷನ್, ಅಂದರೆ ಗುದ್ದಾಟದಲ್ಲಿ ನಿಮ್ಮ ಕಾರಿಗೇ ಆಗುವ ಹಾನಿಯ ವಿಮೆ, ತೆಗೆಸಿ ಒಂದಿಷ್ಟು ಉಳಿಸಬಹುದು, ಕಾರಿನ ಮೇಲೆ ಸಾಲ ಇಲ್ಲದಿದ್ದರೆ. ಕಾಂಪ್ರಿಹೆನ್ಸಿವ್, ಅಂದರೆ ಕಳವು, ನೆರೆ, ಗಾಳಿಯಂಥ ಹಾನಿಯ ವಿಮೆ, ಮಾತ್ರ ಮುಟ್ಟಬೇಡಿ. ಗ್ಯಾರೇಜಿನಲ್ಲಿ ಇಲಿ ವೈರ್ ಕಡಿದರೂ ಸಾಮಾನ್ಯವಾಗಿ ಅದೇ ಕಾಯುವುದು. ಬೇಸಿಗೆಯಲ್ಲಿ ಫ್ಲಾರಿಡಾದಲ್ಲಿ ಕಾರು ಬಿಡುವವರಿಗಂತೂ ಅದು ಬೇಕೇ ಬೇಕು. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಬಂದಾಗ ಫೋರ್ಟ್ ಮೈಯರ್ಸ್ ಬೀದಿಗಳಿಗೆ ಸಮುದ್ರವೇ ನುಗ್ಗಿತ್ತು. ಚಂಡಮಾರುತ ಹತ್ತಿರ ಬಂತು ಅಂತ ಟಿವಿಯಲ್ಲಿ ನೋಡಿ ಫೋನ್ ಮಾಡಿದರೆ ಹೊಸ ಕವರ್ ಸಿಗುವುದಿಲ್ಲ. ಆ ಹೊತ್ತಿಗೆ ಕಂಪನಿಗಳು ಬಾಗಿಲು ಹಾಕಿರುತ್ತವೆ.

ಬೆಂಗಳೂರಿನಿಂದ ಬರುವ ಭಾವಮೈದ ನಿಮ್ಮ ಕಾರು ಓಡಿಸುವುದಿದ್ದರೆ ಅದನ್ನೂ ಅದೇ ಫೋನಿನಲ್ಲಿ ಹೇಳಿಬಿಡಿ.