ಒಂದೂವರೆ ಇಂಚಿನ ಪಟ್ಟಿಗಳಿಂದ ಲಾಗ್ ಕ್ಯಾಬಿನ್ ದಿಂಬಿನ ಕವರು

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕೌದಿಯನ್ನು ಹೊರ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರುತ್ತಾರೆ. ಲಾಗ್ ಕ್ಯಾಬಿನ್ ಇದಕ್ಕೆ ತಿರುವುಮುರುವು. ನಡುವೆ ಒಂದು ಚೌಕ ಇಟ್ಟು, ಸುತ್ತಲೂ ಪಟ್ಟಿ ಸೇರಿಸುತ್ತ ಹೊರಕ್ಕೆ ಹೋಗಬೇಕು. 1860ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿದ ವಿನ್ಯಾಸ ಇದು. ದಿಮ್ಮಿ ಪೇರಿಸಿದ ಮನೆಯ ಹೆಸರು. ನಡುವಿನ ಕೆಂಪು ಚೌಕ ಆ ಮನೆಯ ಒಲೆ ಎನ್ನುತ್ತಾರೆ.

ನಾನು ಹೊಲಿಯುವುದು 16 ಇಂಚಿನ ದಿಂಬಿಗೆ, 8 ಇಂಚಿನ ನಾಲ್ಕು ಚೌಕಗಳನ್ನು ಜೋಡಿಸಿ. ನಡುವಿನ ತುಂಡನ್ನು ಎರಡೂವರೆ ಇಂಚಿಗೆ, ಪಟ್ಟಿಗಳನ್ನೆಲ್ಲ ಒಂದೂವರೆ ಇಂಚು ಅಗಲಕ್ಕೆ ಕತ್ತರಿಸುತ್ತೇನೆ. ಹೊಲಿಗೆಗೆ ಎಲ್ಲ ಕಡೆ ಕಾಲು ಇಂಚು. ಒಂದು ಚೌಕಕ್ಕೆ ತಿಳಿ ಬಣ್ಣದ ಪಟ್ಟಿ 30 ಇಂಚು, ಗಾಢ ಬಣ್ಣದ್ದು 36 ಇಂಚು ಬೇಕು. ನಾಲ್ಕಕ್ಕೆ 120 ಮತ್ತು 144. ತುಂಡು ಉಳಿಯುವುದೂ ಇರುವುದರಿಂದ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ.

ಬಟ್ಟೆ ಎಲ್ಲ ಹತ್ತಿಯದೇ ಆಗಿರಲಿ. ರವಿಕೆಯ ಕಣದ ತುಂಡು ಆಸೆ ಹುಟ್ಟಿಸುತ್ತದೆ ನಿಜ, ಆದರೆ ಒಂದೂವರೆ ಇಂಚಿನ ಪಟ್ಟಿಯಲ್ಲಿ ಅಂಚಿನ ಎಳೆ ಬಿಟ್ಟುಕೊಂಡು ಕಾಲು ಇಂಚಿನ ಹೊಲಿಗೆಯೇ ಕಿತ್ತು ಬರುತ್ತದೆ. ಹಾಕಲೇಬೇಕೆಂದರೆ ಕತ್ತರಿಸುವ ಮೊದಲೇ ಹಿಂದಕ್ಕೆ ತೆಳು ಪೇಸ್ಟಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಬಟ್ಟೆ) ಅಂಟಿಸಬೇಕು. ದೊಡ್ಡ ಹೂವಿನ ಪ್ರಿಂಟು ಈ ಅಗಲದಲ್ಲಿ ಬರೀ ಕಲೆಯಂತೆ ಕಾಣುತ್ತದೆ; ಚುಕ್ಕಿ, ಸಣ್ಣ ಬಳ್ಳಿ, ಚೌಕುಳಿ ಚೆನ್ನಾಗಿ ಕೂರುತ್ತವೆ. ತಿಳಿ ಯಾವುದು, ಗಾಢ ಯಾವುದು ಎಂಬ ಅನುಮಾನ ಬಂದರೆ ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡಿ. ಹಸಿರೂ ಕೆಂಪೂ ಎಷ್ಟೋ ಸಲ ಒಂದೇ ಬೂದಿಯಾಗಿ ಬರುತ್ತವೆ. ಅವನ್ನು ಎದುರುಬದುರು ಇಟ್ಟರೆ ವಿನ್ಯಾಸವೇ ಎದ್ದು ಕಾಣುವುದಿಲ್ಲ.

ಒಗೆದು, ತೆಳು ಗಂಜಿ ಹಾಕಿ, ಇಸ್ತ್ರಿ ಮಾಡಿಯೇ ಕತ್ತರಿಸುತ್ತೇನೆ. ಕೆಂಪು ಮತ್ತು ನೀಲಿಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಬೇಕು. ಬಣ್ಣ ಹತ್ತಿದರೆ ಮತ್ತೆ ಒಗೆಯಬೇಕು. ಪಟ್ಟಿಯನ್ನು ಹಾಸಿನ ಎಳೆಯ, ಅಂದರೆ ಬಟ್ಟೆಯ ಉದ್ದದ ಎಳೆಯ, ಉದ್ದಕ್ಕೇ ಕತ್ತರಿಸಿದರೆ ಕಡಿಮೆ ಜಗ್ಗುತ್ತದೆ, ಹೊಕ್ಕಿನ (ಅಡ್ಡ ಎಳೆಯ) ದಿಕ್ಕಿಗೆ ಕತ್ತರಿಸಿದ್ದು ಸ್ವಲ್ಪ ಹೆಚ್ಚು ಜಗ್ಗುತ್ತದೆ, ಓರೆಯಾಗಿ ಕತ್ತರಿಸಿದ್ದು ರಬ್ಬರಿನಂತೆ ಎಳೆಯುತ್ತದೆ. ಟೈಲರುಗಳಂತೆ ಹರಿದು ತೆಗೆಯಬೇಡಿ, ಅಂಚು ಅಲೆಅಲೆಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಕಾಲು ಇಂಚಿಗೆ. ಮಶೀನಿನ ಪಾದದ ಅಂಚನ್ನು ನಂಬಬೇಡಿ, ಬಹಳಷ್ಟು ಮಶೀನುಗಳಲ್ಲಿ ಅದು ಸರಿಯಾಗಿ ಕಾಲು ಇಂಚು ಇರುವುದಿಲ್ಲ. ಸೂಜಿಯ ಕೆಳಗೆ ಸ್ಕೇಲ್ ಇಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ ಸೂಜಿಯನ್ನು ಕಾಲು ಇಂಚಿನ ಗೆರೆಗೆ ಇಳಿಸಿ, ಸ್ಕೇಲಿನ ಅಂಚಿಗೆ ತಟ್ಟೆಯ ಮೇಲೆ ಇನ್ಸುಲೇಷನ್ ಟೇಪನ್ನು ನಾಲ್ಕೈದು ಪದರ ಅಂಟಿಸುತ್ತೇನೆ. ಬಟ್ಟೆ ಆ ಗೋಡೆಗೆ ತಾಗಿಕೊಂಡು ಹೋಗುತ್ತದೆ. ಆಮೇಲೆ ಪರೀಕ್ಷೆ: ಮೂರು ಪಟ್ಟಿ ಸೇರಿಸಿ ಹೊಲಿದು, ಇಸ್ತ್ರಿ ಮಾಡಿ ಅಳೆದರೆ ನಡುವಿನ ಪಟ್ಟಿ ಸರಿಯಾಗಿ 1 ಇಂಚು ಬರಬೇಕು. ಹೊಲಿಗೆ 1/16 ಇಂಚು ಒಳಗೆ ಹೋಯಿತು ಎಂದುಕೊಳ್ಳಿ. ಎರಡೂ ತುಂಡಿನಿಂದ ಸೇರಿ ಒಂದು ಹೊಲಿಗೆಗೆ 1/8 ಹೋಗುತ್ತದೆ, ಚೌಕದ ಅಡ್ಡಕ್ಕೆ ಆರು ಹೊಲಿಗೆ, ಅಲ್ಲಿಗೆ ಮುಕ್ಕಾಲು ಇಂಚು ಮಾಯ!

ಪ್ರತಿ ಸುತ್ತಿನಲ್ಲೂ ಒಂದಕ್ಕೊಂದು ತಾಗಿದ ಎರಡು ಬದಿಗೆ ತಿಳಿ, ಆಮೇಲೆ ಉಳಿದೆರಡಕ್ಕೆ ಗಾಢ. ಮೊದಲ ಸುತ್ತಿಗೆ ತಿಳಿಯ ಉದ್ದ ಕ್ರಮವಾಗಿ 2½, 3½ ಇಂಚು. ಗಾಢದ್ದು 3½, 4½. ಮುಂದಿನ ಸುತ್ತಿಗೆ ತಿಳಿ 4½, 5½. ಗಾಢ 5½, 6½. ಕೊನೆಯ ಸುತ್ತಿಗೆ ತಿಳಿ 6½, 7½. ಗಾಢ 7½, 8½. ಎಲ್ಲವನ್ನೂ ಮೊದಲೇ ಈ ಉದ್ದಕ್ಕೆ ಕತ್ತರಿಸಿಡಬೇಕು. ಉದ್ದನೆಯ ಪಟ್ಟಿಯನ್ನೇ ಹೊಲಿದು ಕೊನೆಗೆ ಕತ್ತರಿಸಿದರೆ ಬೇಗ ಆಗುತ್ತದೆ, ಆದರೆ ಮಶೀನು ಒಂದು ಪದರವನ್ನು ಸ್ವಲ್ಪ ಹೆಚ್ಚು ಎಳೆದು ಚೌಕ ತಟ್ಟೆಯಂತೆ ಗುಳಿ ಬೀಳುತ್ತದೆ. ತುಂಡು ಮೊದಲೇ ಅಳತೆಯದಾಗಿದ್ದರೆ ಎರಡು ತುದಿ ಹೊಂದದಿದ್ದಾಗಲೇ ತಪ್ಪು ಗೊತ್ತಾಗುತ್ತದೆ.

ಪಟ್ಟಿ ಕೆಳಗೆ, ಚೌಕ ಮೇಲೆ. ಹೀಗಿದ್ದರೆ ಹಿಂದಿನ ಹೊಲಿಗೆಯ ಮಡಿಕೆ ಕಣ್ಣಿಗೆ ಕಾಣುತ್ತಿರುತ್ತದೆ, ಪಾದ ಅದನ್ನು ಮಗುಚಿ ಹಾಕುವುದಿಲ್ಲ. ಪ್ರತಿ ಪಟ್ಟಿ ಸೇರಿಸಿದ ಮೇಲೂ ಇಸ್ತ್ರಿ, ಮಡಿಕೆ ಹೊರಕ್ಕೆ. ಇಸ್ತ್ರಿಪೆಟ್ಟಿಗೆಯನ್ನು ಎಳೆಯದೆ ಎತ್ತಿ ಇಟ್ಟು ಒತ್ತಬೇಕು. ಸುತ್ತು ಯಾವಾಗಲೂ ಒಂದೇ ದಿಕ್ಕಿಗೆ. ನಾಲ್ಕೂ ಚೌಕವನ್ನು ಒಟ್ಟಿಗೇ ಹೊಲಿಯುವುದು ವಾಸಿ: ನಾಲ್ಕಕ್ಕೂ ಮೊದಲ ಪಟ್ಟಿ, ಆಮೇಲೆ ನಾಲ್ಕಕ್ಕೂ ಎರಡನೆಯದು. ಮಧ್ಯೆ ಒಂದು ಮಾತ್ರ ಎಡಕ್ಕೆ ತಿರುಗಿದ್ದು ಕೊನೆಗೆ ಗೊತ್ತಾದರೆ ಬಿಚ್ಚದೆ ಗತಿಯಿಲ್ಲ.

ಜೋಡಿಸುವಾಗ ತಿಳಿ ಮೂಲೆಗಳನ್ನೆಲ್ಲ ನಡುವಿಗೆ ತಂದರೆ ತಿಳಿಯ ವಜ್ರ, ಸುತ್ತ ಗಾಢ. ಎರಡು ಚೌಕ ಸೇರುವ ಹೊರತುದಿಯಲ್ಲಿ ತಿಳಿಗೂ ಗಾಢಕ್ಕೂ ನಡುವಿನ ಹೊಲಿಗೆ ಎರಡೂ ಕಡೆ ಸರಿಸಮ ಬರಬೇಕು, ಪಿನ್ನು ಅಲ್ಲಿಗೆ ಮತ್ತು ನಡುವಿನ ಕೂಡುವ ಜಾಗಕ್ಕೆ ಸಾಕು. ಹಿಂದೆ ಹಳೆ ಮಲ್ಲು ಬಟ್ಟೆಯ ಒಂದು ಪದರ ಕೊಡಿ, ಇಲ್ಲದಿದ್ದರೆ ದಿಂಬು ಹಾಕಿ ತೆಗೆಯುವಾಗ ಒಳಗಿನ ಮಡಿಕೆಗಳು ಎಳೆ ಬಿಡುತ್ತವೆ. ಬೆನ್ನಿಗೆ 16½ × 11½ ಇಂಚಿನ ಎರಡು ತುಂಡು. ಒಂದೊಂದು ಉದ್ದ ಬದಿಯನ್ನು 1 ಇಂಚು ಮಡಚಿ ಹೊಲಿದು ಒಂದರ ಮೇಲೊಂದು ಹಾಯಿಸಿದರೆ ಜಿಪ್ ಬೇಡ.