ಭಾರತದ ಪಾಸ್‌ಪೋರ್ಟಿನಲ್ಲಿ ಪಶ್ಚಿಮ ಸಹಾರಾ, ಅದೂ ಬಸ್ಸಲ್ಲಿ

'ಲಾಯೂನ್ ಚೆಕ್‌ಪೋಸ್ಟಲ್ಲೇ ಇಳಿಸಿ ವಾಪಸ್ ಕಳಿಸ್ತಾರೆ ನೋಡು' ಎಂದು ತಿರುಗಾಡೋ ಗೆಳೆಯರೆಲ್ಲ ಹೆದರಿಸಿದ್ದರು. ಯಾರೂ ಕಳಿಸಲಿಲ್ಲ. ಪಶ್ಚಿಮ ಸಹಾರಾ ಅಂದರೆ ಮೊರಾಕ್ಕೊ ತನ್ನದೆನ್ನುವ, ಪೊಲಿಸಾರಿಯೊ ಸಂಘಟನೆ ಸ್ವತಂತ್ರ ದೇಶ ಬೇಕೆನ್ನುವ ವಿವಾದದ ನೆಲ; ಲಾಯೂನ್ ಅಲ್ಲಿನ ದೊಡ್ಡ ಊರು. ಮೊರಾಕ್ಕೊದ ಅಗಾದಿರ್‌ನಿಂದ ಪಶ್ಚಿಮ ಸಹಾರಾದ ದಕ್ಷಿಣದ ಊರು ದಾಖ್ಲಾವರೆಗೆ, ಹೆಚ್ಚುಕಡಿಮೆ 1,200 ಕಿ.ಮೀ., ಬಸ್ಸಲ್ಲೇ ಹೋಗಿ ಬಂದೆ.

ಮೊದಲು ಹೋಗಿದ್ದು ದುಡ್ಡು. ಒಬ್ಬ ಏಜೆಂಟ್ ಜೀಪಿಗೆ ಒಂದೂವರೆ ಲಕ್ಷ ಹೇಳಿ, ಇಪ್ಪತ್ತು ಸಾವಿರ ಅಡ್ವಾನ್ಸ್ ತಗೊಂಡ. ಆಮೇಲೆ 'ಸ್ಪೆಷಲ್ ಪರ್ಮಿಟ್ ಬೇಕು' ಅಂತ ರಾಗ ತೆಗೆದ. ಪರ್ಮಿಟ್ಟೂ ಇಲ್ಲ, ಮಣ್ಣೂ ಇಲ್ಲ. ಊರಿಗೆ ಹಕ್ಕು ಯಾರದ್ದೇ ಇರಲಿ, ರಸ್ತೆ ಮೊರಾಕ್ಕೊ ಕೈಯಲ್ಲಿದೆ, ಅವರ ವೀಸಾ ಸಾಕು. ಅರ್ಧ ದುಡ್ಡು ವಾಪಸ್ ಬಂತು. ಇನ್ಶೂರೆನ್ಸ್‌ನವರೂ ಕೈಯೆತ್ತಿದರು. ಕೊನೆಗೆ ಒಂದು ಕಂಪನಿಗೆ ಲಾಯೂನ್, ದಾಖ್ಲಾ ಎಂದು ಹೆಸರು ಹಾಕಿಯೇ ಮೇಲ್ ಮಾಡಿ, ಉತ್ತರ ಬರವಣಿಗೆಯಲ್ಲಿ ತರಿಸಿಕೊಂಡ ಮೇಲೇ ದುಡ್ಡು ಕಟ್ಟಿದೆ.

ಚೆಕ್‌ಪೋಸ್ಟುಗಳಲ್ಲಿ ಕೆಲಸ ಮಾಡಿದ್ದು 'ಫಿಶ್', ಮೀನಲ್ಲ, ಫ್ರೆಂಚಲ್ಲಿ ವಿವರದ ಚೀಟಿ. ಹೆಸರು, ಅಪ್ಪ-ಅಮ್ಮನ ಹೆಸರು, ಪಾಸ್‌ಪೋರ್ಟ್ ನಂಬರ್, ವೃತ್ತಿ, ಎಲ್ಲ ಫ್ರೆಂಚಲ್ಲಿ ಒಂದೇ ಹಾಳೆ. ಮೂವತ್ತು ಪ್ರತಿ ಬೆಂಗಳೂರಲ್ಲೇ ಜೆರಾಕ್ಸ್ ಮಾಡಿಸಿದ್ದೆ. ಎಂಟ್ರಿ ಸ್ಟಾಂಪಿನ ನಂಬರ್ ಅಲ್ಲಿ ಇಳಿದ ಮೇಲೆ ಕೈಯಲ್ಲಿ ಬರೆದೆ. ಪೊಲೀಸ್ ಹತ್ತಿದ ಕೂಡಲೇ ಒಂದು ಹಾಳೆ ಕೊಡೋದು, ಅಷ್ಟೇ. ಪತ್ರಕರ್ತರ ಮೇಲೆ ಅವರಿಗೆ ಅನುಮಾನ ಜಾಸ್ತಿ. ನನ್ನ ವೃತ್ತಿಗೆ ಯಾವ ಪದ ಬರೆದೆ ಅನ್ನೋದು ನನ್ನ ಹತ್ತಿರವೇ ಇರಲಿ. ಸುಳ್ಳಂತೂ ಅಲ್ಲ. ಮೊರಾಕ್ಕೊಗೂ ಪಶ್ಚಿಮ ಸಹಾರಾಕ್ಕೂ ನಡುವೆ ಗಡಿಗೆರೆ ಎಳೆದ ಪೇಪರ್ ಮ್ಯಾಪನ್ನು ಮಾತ್ರ ಮನೆಯಲ್ಲೇ ಬಿಟ್ಟಿದ್ದೆ.

ಪೂರ್ವಕ್ಕೆ ತಲೆ ಹಾಕಬೇಡಿ. ಅಲ್ಲಿ ಮೊರಾಕ್ಕೊ ಕಟ್ಟಿದ 2,700 ಕಿ.ಮೀ. ಉದ್ದದ ಮರಳಿನ ಗೋಡೆ, ಸುತ್ತ ನೆಲಬಾಂಬು. ಮೊರಾಕ್ಕೊ-ಪೊಲಿಸಾರಿಯೊ ನಡುವಿನ 1991ರ ಕದನವಿರಾಮ 2020ರ ನವೆಂಬರಿನಲ್ಲಿ ಮುರಿದುಬಿದ್ದಿದೆ. ಬೂ ಕ್ರಾ ಗಣಿಯಿಂದ ಸಮುದ್ರಕ್ಕೆ ಫಾಸ್ಫೇಟ್ ಸಾಗಿಸುವ, ನೂರು ಕಿ.ಮೀ. ಹತ್ತಿರದ ಕನ್ವೇಯರ್ ಬೆಲ್ಟ್ ನೋಡುವ ಹುಚ್ಚು ನನಗಿತ್ತು. ನಮ್ಮ ಡಿಎಪಿ ಗೊಬ್ಬರದ ಮೂಟೆಯ ಮೂಲವೂ ಇಂಥ ಕಲ್ಲೇ ಅಲ್ವಾ? ಕೇಳಿದ ಡ್ರೈವರುಗಳೆಲ್ಲ ಆಗಲ್ಲ ಅಂತ ತಲೆಯಾಡಿಸಿಬಿಟ್ಟರು, ಸುಮ್ನಾದೆ.

ಬದಲಿಗೆ ಗೆದ್ದದ್ದು ಊಟದ ಪ್ರಯೋಗ. ಅಲ್ಲಿ ಅಂಗಡಿಯಲ್ಲಿ 'ಲ್ಬೆನ್' ಎಂಬ ಮಜ್ಜಿಗೆ ಸಿಗುತ್ತದೆ. ಅದಕ್ಕೆ ರಾಗಿ ಹುರಿಹಿಟ್ಟು, ಉಪ್ಪು ಕಲಸಿದರೆ ಸಸ್ಯಾಹಾರಿಯ ಚಿಂತೆ ಮುಗಿಯಿತು. ಪಕ್ಕದ ಸೀಟಿನ ಸಹರಾವಿ (ಆ ನೆಲದ ಮೂಲ ಜನ) ಅಜ್ಜ ಎರಡು ಲೋಟ ಕುಡಿದರು.

ಖರ್ಚು? ಅಗಾದಿರ್-ದಾಖ್ಲಾ ಟಿಕೆಟ್ ನಾನೂರು ಚಿಲ್ಲರೆ ದಿರ್ಹಮ್. ದಿರ್ಹಮ್ ನಮ್ಮಲ್ಲಿ ಸಿಗೋದು ಕಷ್ಟ, ಯೂರೋ ಒಯ್ದು ಅಲ್ಲೇ ಬದಲಿಸಿ. ಅಗಾದಿರ್‌ನಿಂದ ಹೊರಟು ಮತ್ತೆ ಅಗಾದಿರ್ ಸೇರುವಷ್ಟಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ ದಾಟಲಿಲ್ಲ. ಗೆರ್ಗೆರಾತ್ ಗಡಿಠಾಣೆ ದಾಟಿ ಮೌರಿಟೇನಿಯಾ ನೋಡುವ ಆಸೆಯಿತ್ತು. ಆದರೆ ನನ್ನದು ಸಿಂಗಲ್ ಎಂಟ್ರಿ ವೀಸಾ, ಹೊರಗೆ ಕಾಲಿಟ್ಟರೆ ವಾಪಸ್ ಬರೋ ಹಾಗಿಲ್ಲ. ದಾಖ್ಲಾದಿಂದಲೇ ಬಸ್ ಹತ್ತಿದೆ.