ಚಿತ್ತಾರದ ಗಂಟೆ ಲೆಕ್ಕ

ನಮ್ಮೂರು ಸಾಗರದ ಹತ್ತಿರ. ಇಲ್ಲಿನ ದೀವರ ಸಮುದಾಯದ ಮನೆಗಳಲ್ಲಿ, ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ದೊಡ್ಡಮ್ಮ ಗೋಡೆ ಮುಂದೆ ಕೂತಾಗ ನಾನು ಬಣ್ಣದ ಕರಟ ಹಿಡಿದುಕೊಂಡು ಪಕ್ಕದಲ್ಲಿ ಇರುತ್ತಿದ್ದೆ. ಹಾಗೇ ಕೈಗೆ ಬಂತು. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿಯನ್ನೇ ಕರ್ರಗೆ ಹುರಿದು ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ. ಬರೆಯುವುದು ಪುಂಡಿ ಗಿಡದ ನಾರಿನಲ್ಲಿ. ಒಂದೆಳೆ ಎಳೆಯುವಾಗ ಉಸಿರು ಬಿಟ್ಟರೂ ಗೊತ್ತಾಗುತ್ತದೆ.

ಡಿಗ್ರಿ ಮುಗಿದ ಮೇಲೆ ಇದರಲ್ಲೇ ಬದುಕಬೇಕು ಅನ್ನಿಸಿತು. ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಹೊರುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು ಮಾರತೊಡಗಿದೆ. ಒಂದಕ್ಕೆ 500 ರೂಪಾಯಿ. ಎಲ್ಲರೂ "ಎಷ್ಟು ಚೆಂದ" ಅಂತ ಕೊಂಡುಕೊಂಡರು. ವರ್ಷ ಕಳೆದಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಎಲ್ಲಿ ತಪ್ಪಿದೆ ಅನ್ನುವುದೂ ಗೊತ್ತಾಗಲಿಲ್ಲ.

ಆಗ ಯಾರೋ ಆರ್‌ಸೆಟಿ ಬಗ್ಗೆ ಹೇಳಿದರು. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತಲ್ಲ, ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆ ಇದು. ಊಟ, ವಸತಿ, ಪಾಠ ಎಲ್ಲ ಉಚಿತ. ಚಿತ್ತಾರಕ್ಕೆ ಅಂತ ಬ್ಯಾಚ್ ಇರಲಿಲ್ಲ. ಸೆಣಬಿನ ಚೀಲ ಹೊಲಿಯುವ ಬ್ಯಾಚಿಗೆ ಸೇರಿದೆ, 13 ದಿನ. ನನಗೆ ಬೇಕಿದ್ದದ್ದು ಹೊಲಿಗೆಯಲ್ಲ, ಮಧ್ಯೆ ಬರುವ ಉದ್ಯಮದ ಪಾಠ.

ಎರಡನೇ ದಿನ ಒಂದು ಆಟ ಆಡಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಎಷ್ಟು ಪೇರಿಸುತ್ತೀರಿ ಅಂತ ಮೊದಲೇ ಹೇಳಬೇಕು. ನಾನು 15 ಅಂದೆ. ಏಳನೆಯದಕ್ಕೆ ಬಿತ್ತು. ಪಕ್ಕದವಳು 8 ಅಂದು 9 ಪೇರಿಸಿದಳು. ಸರ್ ಕೇಳಿದ್ದು ಒಂದೇ ಪ್ರಶ್ನೆ: "15 ಅನ್ನೋದು ಎಲ್ಲಿಂದ ಬಂತಮ್ಮ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬುಟ್ಟಿಗೆ 500 ಅನ್ನೋದು ಎಲ್ಲಿಂದ ಬಂತು ಅಂದಿದ್ದರೂ ಇರುತ್ತಿರಲಿಲ್ಲ.

ಆ ರಾತ್ರಿ ಹಾಸ್ಟೆಲಿನಲ್ಲಿ ನೋಟ್‌ಬುಕ್ ತೆಗೆದು ಮೊದಲ ಸಲ ಲೆಕ್ಕ ಬರೆದೆ. ಮೇದಾರರಿಂದ ತಂದ ಬುಟ್ಟಿ 150 ರೂಪಾಯಿ. ಬಣ್ಣ, ಬಸ್ ಚಾರ್ಜು ಸೇರಿ 70. ಉಳಿದದ್ದು 280. ಸಗಣಿ ಸಾರಿಸಿ ಒಣಗಿಸುವುದು, ಕೆಮ್ಮಣ್ಣು ಬಳಿಯುವುದು, ಬರೆಯುವುದು ಎಲ್ಲ ಸೇರಿ ಕೆಲಸ 14 ಗಂಟೆ. ಅಂದರೆ ಗಂಟೆಗೆ 20 ರೂಪಾಯಿ. ಅಡಿಕೆ ಸುಲಿಯಲು ಹೋಗಿದ್ದರೂ ಇದಕ್ಕಿಂತ ಜಾಸ್ತಿ ಸಿಗುತ್ತಿತ್ತು. ಅಳು ಬಂತು. ದೊಡ್ಡಮ್ಮನ ಕೈ ನೆನಪಾಯಿತು. 50 ವರ್ಷ ಪಳಗಿದ ಕೈ ಅದು. ಅದಕ್ಕೆ ನಾನು ಕಟ್ಟಿದ ಬೆಲೆ ಇಷ್ಟೇನಾ?

ವಾಪಸ್ ಬಂದು ಗಂಟೆಗೆ 60 ರೂಪಾಯಿ ಕೂಲಿ ಹಿಡಿದೆ. 840 ಆಯಿತು, ಖರ್ಚು 220 ಸೇರಿ 1,060. ಕೆಟ್ಟು ಹೋದದ್ದು, ಮಾರಾಟಕ್ಕೆ ಅಲೆದದ್ದು ಅಂತ ಇನ್ನಷ್ಟು ಸೇರಿಸಿ 1,300ಕ್ಕೆ ನಿಲ್ಲಿಸಿದೆ. ಹಳೆಯ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಬಿಟ್ಟು ಹೋದರು. ಎರಡು ತಿಂಗಳು ಭಯವಾಗಿತ್ತು. ಆದರೆ ಮೊದಲು ನಾಲ್ಕು ಬುಟ್ಟಿಯಲ್ಲಿ ಉಳಿಯುತ್ತಿದ್ದದ್ದು ಈಗ ಒಂದೇ ಬುಟ್ಟಿಯಲ್ಲಿ, ಹತ್ತಿರ ಹತ್ತಿರ ಅಷ್ಟೇ, ಉಳಿಯತೊಡಗಿತು. ಕೈಗೆ ಬಿಡುವು ಸಿಕ್ಕಿತು. ಎಳೆ ಮತ್ತೆ ನೇರವಾಯಿತು. ದುಡ್ಡಿಗಿಂತ ನನಗೆ ಅದೇ ದೊಡ್ಡದು.

ಕಾಗದ ಪತ್ರದ ಕೆಲಸ ಅಂದುಕೊಂಡಷ್ಟು ಕಷ್ಟವಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಫೋನಿನಲ್ಲೇ ಆಗುತ್ತದೆ, ಅದಕ್ಕೆ ಶುಲ್ಕವೇ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕುಶಲಕರ್ಮಿಗಳ ಪೆಹಚಾನ್ ಕಾರ್ಡ್ ಮಾಡಿಸಿಕೊಳ್ಳಿ, ಮೇಳಗಳಲ್ಲಿ ಮಳಿಗೆ ಕೇಳಲು ಬೇಕಾಗುತ್ತದೆ. ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ, ಅಡಮಾನ ಬೇಡ. ನಾನು 30,000 ಮಾತ್ರ ತೆಗೆದುಕೊಂಡೆ. ಆ ಮರದ ತುಂಡುಗಳ ನೆನಪಿತ್ತು.

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋದೆ. ಕುಮಾರಕೃಪಾ ರಸ್ತೆ ತುಂಬ ಜನ. ಬಂದವರೆಲ್ಲ ಕೇಳಿದ್ದು "ಇದು ವಾರ್ಲಿನಾ?" ಅಂತ. ವಾರ್ಲಿ ಅಂದರೆ ಮಹಾರಾಷ್ಟ್ರದ ಆದಿವಾಸಿಗಳ ಚಿತ್ರಕಲೆ. ಬೆಳಿಗ್ಗೆ ನಾಲ್ಕೈದು ಮಂದಿಗೆ ಉದ್ದುದ್ದ ವಿವರಿಸಿದೆ, ಅರ್ಧಕ್ಕೇ ಹೊರಟು ಹೋದರು. ಆಮೇಲೆ ಎರಡೇ ಮಾತು ಮಾಡಿಕೊಂಡೆ: "ಇದು ಮಲೆನಾಡಿನ ದೀವರ ಹೆಂಗಸರು ಮದುವೆ ಮನೆ ಗೋಡೆಗೆ ಬರೆಯುವ ಚಿತ್ತಾರ. ಬಣ್ಣ ಎಲ್ಲ ಅಕ್ಕಿ, ಮಣ್ಣು, ಕಾಯಿಯದು." ಅಷ್ಟು ಹೇಳಿ ಪುಂಡಿ ನಾರು ಅವರ ಕೈಗೆ ಕೊಡುತ್ತಿದ್ದೆ. ನಾರು ಹಿಡಿದವರು ಸುಮ್ನೆ ಹೋಗಲಿಲ್ಲ. ದೊಡ್ಡ ಚಿತ್ರ ಎರಡೇ ಹೋದವು. ಅಂಗೈ ಅಗಲದ ಹಲಗೆಗಳು ಮಧ್ಯಾಹ್ನಕ್ಕೇ ಖಾಲಿ. ಅಲ್ಲಿಂದ ಬಂದ ಮೇಲೆ ಸಣ್ಣವು ತಿಂಗಳ ಖರ್ಚಿಗೆ, ದೊಡ್ಡವು ನನ್ನ ತೃಪ್ತಿಗೆ ಅಂತ ಬೇರೆ ಮಾಡಿಕೊಂಡೆ.

ಏಟೂ ತಿಂದಿದ್ದೇನೆ. ಒಂದು ಅಂಗಡಿಯವರು 40 ಚಿತ್ರ ಕಡ ತೆಗೆದುಕೊಂಡು ಐದು ತಿಂಗಳು ದುಡ್ಡು ಕೊಡಲಿಲ್ಲ. ಬಾಯಿಮಾತಿನ ವ್ಯವಹಾರ, ಕೇಳಲು ಒಂದು ಚೀಟಿಯೂ ಇರಲಿಲ್ಲ. ಈಗ ಅರ್ಧ ಮುಂಗಡ ಬಾರದೆ ನಾರು ನೆನೆಸುವುದಿಲ್ಲ. ಇನ್ನೊಂದು ಏಟು ಮಳೆಯದು. ನಮ್ಮ ಕಡೆ ಜೂನ್‌ನಿಂದ ಗೋಡೆಯೇ ಬೆವರುತ್ತದೆ. ಅಕ್ಕಿ ಬಿಳಿಗೆ ಬೂಷ್ಟು ಹಿಡಿದು ಒಂದು ಇಡೀ ಆರ್ಡರ್ ಹಾಳಾಯಿತು. ಮಳೆಗಾಲದಲ್ಲಿ ಈಗ ಬರೆಯುವುದಿಲ್ಲ. ಲೆಕ್ಕ ನೋಡುತ್ತೇನೆ, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳಿಕೊಡುತ್ತೇನೆ.

ದೊಡ್ಡಮ್ಮನಿಗೆ ಮೊದಲು ಇದೆಲ್ಲ ಹಿಡಿಸಲಿಲ್ಲ. "ಹಸೆ ಬರೆದಿದ್ದಕ್ಕೆ ದುಡ್ಡು ತಗೊಳ್ತಾರೇನೆ?" ಅಂತ ಕೇಳಿದರು. ಅವರ ಕಾಲದಲ್ಲಿ ಎಲೆ ಅಡಿಕೆ, ಕಾಯಿ, ಕುಪ್ಪಸದ ಕಣ ಕೊಟ್ಟು ಕಳಿಸುತ್ತಿದ್ದರು. ಆ ಮಾತು ನನಗೆ ತುಂಬ ದಿನ ಕೊರೆಯಿತು. ಕೊನೆಗೆ ಇಬ್ಬರೂ ಕೂತು ಒಂದು ಗೆರೆ ಎಳೆದುಕೊಂಡೆವು. ನಮ್ಮೂರ ಮದುವೆ ಮನೆಯ ಹಸೆ ಗೋಡೆಗೆ ದುಡ್ಡಿಲ್ಲ, ಕಣವೇ ಸಾಕು. ಭೂಮಿ ಹುಣ್ಣಿಮೆಗೆ ನಮ್ಮ ಗದ್ದೆಗೆ ಹೊರುವ ಬುಟ್ಟಿಗೂ ಬೆಲೆ ಇಲ್ಲ. ಆ ವಾರ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಉಳಿದದ್ದಕ್ಕೆ ಗಂಟೆ ಲೆಕ್ಕ.

ಈಗ ದೊಡ್ಡಮ್ಮನೂ ನನ್ನ ಜೊತೆ ಬರೆಯುತ್ತಾರೆ. ಗಂಟೆಗೆ ಅದೇ ಕೂಲಿ, ಅವರ ಹೆಸರಿನ ಖಾತೆಗೆ. ಅವರಿಗೆ ಗಂಟೆ ಲೆಕ್ಕ ಬರೆದಿಡಲು ಬರುವುದಿಲ್ಲ. ಗಂಟೆಗೊಂದರಂತೆ ಅಡುಗೆಮನೆ ಬಾಗಿಲ ಪಕ್ಕ ಬಿಳಿಯಲ್ಲಿ ಒಂದೊಂದು ಗೀಟು ಹಾಕುತ್ತಾರೆ. ತಿಂಗಳ ಕೊನೆಗೆ ನಾನು ಎಣಿಸುತ್ತೇನೆ. ಒಂದು ಗೀಟೂ ಸೊಟ್ಟ ಇರುವುದಿಲ್ಲ.